ತಿನ್ನುವ ದೊನ್ನೆ

ಕೋಪರಖೈರಣೆ, ನವಿ ಮುಂಬಯಿ
4 ಜುಲೈ 2010

ಅಮ್ಮನಿಗೆ, ನಮಸ್ಕಾರ.

ಮೂರು ವಾರಗಳಲ್ಲಿ ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೊಂದು ಸಲವೂ ನೀನು ಎತ್ತಿ, ನನ್ನ ದನಿ ಕೇಳಿ, ಇಟ್ಟುಬಿಟ್ಟೆ. ಆದ್ದರಿಂದ ಕಾಗದ. ಬಂದ ಕಾಗದಕ್ಕೆ ಉತ್ತರ ಬರೆಯದವನು ಮನುಷ್ಯನೇ ಅಲ್ಲ ಎಂದು ಅಜ್ಜ ಹೇಳುತ್ತಿದ್ದರಂತೆ. ನೀನು ನನಗೆ ನೂರು ಸಲ ಹೇಳಿದ್ದೀಯ. ಈಗ ನೋಡೋಣ. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿಸಿದ್ದಕ್ಕೆ ಇದೊಂದು ಉಪಯೋಗವಾಯಿತು.

ನಾನು ಮನೆ ಬಿಟ್ಟದ್ದಕ್ಕೆ ಕಾರಣವೇನೆಂದು ನೀನು ಠಾಣೆಯ ವರ್ತಕ ನಗರದ ನಿನ್ನ ಭಜನಾ ಮಂಡಳಿಯಲ್ಲಿ ಏನು ಹೇಳಿದ್ದೀಯೋ ಗೊತ್ತಿಲ್ಲ. ನಡೆದದ್ದು ಇಷ್ಟು. ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಮಂಡಳಿಯ ವನಮಾಲಕ್ಕ ಸಿಕ್ಕಿದರು. "ಏ ಕೌಶಲ್, ನಿನ್ನ ಟೈ ಎಲ್ಲಿ ಮಾರಾಯ? ನೀನು ವಾಶಿಯ ದೊಡ್ಡ ಹೋಟೆಲಿನ ರಿಸೆಪ್ಷನ್‌ನಲ್ಲಿ ಟೈ ಕಟ್ಟಿ ಕೂತುಕೊಳ್ಳುದಂತೆ ಅಲ್ವ? ಅಮ್ಮ ಹೇಳ್ತಾನೇ ಇರ್ತಾರೆ" ಎಂದರು. ನಾನು ನಾಲ್ಕು ವರ್ಷದಿಂದ ಅದೇ ಹೋಟೆಲಿನ ಅಡುಗೆಮನೆಯಲ್ಲಿ ಕೇಕು, ಬಿಸ್ಕತ್ತು ಮಾಡುತ್ತಿದ್ದೇನೆ. ನೀನು ನಾಲ್ಕು ವರ್ಷದಿಂದ ನನಗೆ ಟೈ ಕಟ್ಟಿದ್ದೀಯ.

ಮನೆಗೆ ಬಂದು ಕೇಳಿದ್ದಕ್ಕೆ ನೀನು ಹೇಳಿದ್ದು ನೆನಪಿದೆಯೇ? "ಅದನ್ನೆಲ್ಲ ಒಡೆಯುವವನ ಅಮ್ಮ ಅಂತ ಗೊತ್ತಾದ್ರೆ ನಾನು ಮಾಡಿದ ನೈವೇದ್ಯ ಯಾರು ಮುಟ್ತಾರೆ?" ಅದನ್ನೆಲ್ಲ ಅಂದರೆ ಮೊಟ್ಟೆ. ಹೆಸರು ಹೇಳಿದರೆ ನಾಲಿಗೆ ಉದುರುತ್ತದೆಯೇ?

ಮಂಡಳಿಯಲ್ಲಿ ಹೇಳಲು ನಿನಗೆ ಒಂದು ವಾಕ್ಯ ಬರೆದು ಕೊಡುತ್ತೇನೆ: ನನ್ನ ಮಗ ಬಿಸ್ಕತ್ತಿನ ಬಟ್ಟಲು ಮಾಡುತ್ತಾನೆ. ಕಾಗದದಷ್ಟು ತೆಳ್ಳಗಿನ ಬಟ್ಟಲು. ಊಟದ ಕೊನೆಗೆ ಅದರೊಳಗೆ ಕೆನೆ, ಮಾವಿನ ಹಣ್ಣು ತುಂಬಿ ಕೊಡುತ್ತೇವೆ, ಬಟ್ಟಲನ್ನೂ ತಿನ್ನುವುದು. ಅಡುಗೆಮನೆಯ ಆರು ಜನರಲ್ಲಿ ಅದು ಒಲಿದಿರುವುದು ನನ್ನ ಕೈಗೆ ಮಾತ್ರ. ಇದನ್ನು ನಾಲ್ಕು ಜನರೆದುರು ಒಂದು ಸಲ ಹೇಳು. ಮರುದಿನವೇ ಮನೆಗೆ ಬರುತ್ತೇನೆ. ಅಲ್ಲಿಯವರೆಗೆ ಬರುವುದಿಲ್ಲ.

ಕೌಶಲ್


ಡೊಂಬಿವಲಿ ಪೂರ್ವ
11 ಜುಲೈ 2010

ಚಿ. ಕೌಶಲನಿಗೆ,

ಆಶೀರ್ವಾದ ಬರೆಯದೆ ಕಾಗದ ಶುರುಮಾಡುವ ಅಭ್ಯಾಸ ನನಗಿಲ್ಲ. ಆದ್ದರಿಂದ ಆಶೀರ್ವಾದ. ಉತ್ತರ ಬರೆಯುತ್ತಿರುವುದು ನನ್ನ ಅಪ್ಪನ ಮಾತಿಗೆ, ನಿನ್ನ ಸವಾಲಿಗಲ್ಲ.

ಬಿಸ್ಕತ್ತಿನ ಬಟ್ಟಲು! ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಊರಿನಲ್ಲಿ ಸಮಾರಾಧನೆಗೆ ಪಾಯಸವನ್ನು ಬಾಳೆಲೆಯ ದೊನ್ನೆಯಲ್ಲಿ ಕೊಡುತ್ತಿದ್ದರು. ಪಾಯಸ ಮನುಷ್ಯರು ಕುಡಿಯುತ್ತಿದ್ದರು, ದೊನ್ನೆಯನ್ನು ಹಿತ್ತಲಿಗೆ ಎಸೆಯುತ್ತಿದ್ದರು. ದೊನ್ನೆಯನ್ನು ತಿನ್ನುತ್ತಿದ್ದದ್ದು ಯಾರು ಗೊತ್ತೇ? ದನ. ನಿಮ್ಮ ಹೋಟೆಲಿಗೆ ಕಾರಿನಲ್ಲಿ ಬಂದು, ಕತ್ತಿಗೆ ಬಟ್ಟೆ ಕಟ್ಟಿಕೊಂಡು, ಜನ ದೊನ್ನೆ ತಿನ್ನುತ್ತಾರೆ ಎಂದಾಯಿತು. ತಿನ್ನಲಿ. ಅವರವರ ಯೋಗ್ಯತೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗಾದೆ ಮಾಡಿದವರು ನಿನ್ನ ಬಟ್ಟಲನ್ನು ನೋಡಿಯೇ ಮಾಡಿರಬೇಕು. ನಿನ್ನ ಅಪ್ಪ ಕಲ್ಯಾಣದ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ದೋಸೆ ಹೊಯ್ದರು. ಅವರ ಕೈಯ ಒಂದು ದೋಸೆ ತಿಂದು ಹೋದವನು ಮಧ್ಯಾಹ್ನದವರೆಗೆ ಹಸಿವು ಅನ್ನುತ್ತಿರಲಿಲ್ಲ. ಅವರು ಹೋಗಿ ಆರು ವರ್ಷವಾಯಿತು. ಮಗ ಗಾಳಿಗೆ ಅಂಚು ಕಟ್ಟುವ ಕೆಲಸ ಹಿಡಿಯುತ್ತಾನೆ ಎಂದು ತಿಳಿಯದೆಯೇ ಹೋದರು, ಪುಣ್ಯವಂತರು.

ಮಂಡಳಿ ನಿನಗೆ ತಮಾಷೆ. ಒಂಬತ್ತು ವರ್ಷದಿಂದ ಪ್ರತಿ ಶನಿವಾರ ನೈವೇದ್ಯದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಡೊಂಬಿವಲಿಯಿಂದ ಠಾಣೆಗೆ ಲೋಕಲ್‌ನಲ್ಲಿ ಹೋಗುವವಳು ನಾನು. ನಿನ್ನ ದೊಡ್ಡಪ್ಪ ಕಿಟ್ಟಣ್ಣ ಭಾವ ಅಧ್ಯಕ್ಷರು. ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಅಂಥವರು ಕೂಡ "ದೇವರಿಗೆ ಜಯಲತನ ಕೈಯದ್ದೇ ಆಗ್ಬೇಕು" ಎನ್ನುತ್ತಾರೆ. ನನಗೆ ಅಂತ ಇರುವುದು ಅದೊಂದು. ವನಮಾಲಾ ಅದರ ಮೇಲೆ ಕಣ್ಣಿಟ್ಟು ಕೂತಿದ್ದಾಳೆ. ಅವಳು ಶೀರಾ ಮಾಡಿದರೆ ಅದರಲ್ಲಿ ಗಂಟು ಹುಡುಕಬೇಕಾಗಿಲ್ಲ, ಗಂಟಿನ ನಡುವೆ ಶೀರಾ ಹುಡುಕಬೇಕು. ಆ ವಸ್ತು ಮುಟ್ಟುವ ಮಗನನ್ನು ನಾಲ್ಕು ಜನರೆದುರು ಹೇಳಿಕೊಂಡು ನನ್ನ ಪಾತ್ರೆಯನ್ನು ಅವಳ ಮಡಿಲಿಗೆ ಎತ್ತಿ ಇಡಬೇಕೇ?

ಟೈ ನಿನಗೆ ಒಪ್ಪುತ್ತದೆ. ಕಟ್ಟಿಕೊಂಡಿರು.

ಇತಿ,
ಜಯಲತಾ


ಕೋಪರಖೈರಣೆ
8 ಆಗಸ್ಟ್ 2010

ಅಮ್ಮನಿಗೆ, ನಮಸ್ಕಾರ.

ದನದ ವಿಷಯ ಓದಿದೆ. ಜೊತೆಯಲ್ಲಿ ಕೆಲಸ ಮಾಡುವ ಲತೀಶನಿಗೂ ಓದಿ ಹೇಳಿದೆ. ಅವನೂ ಡೊಂಬಿವಲಿಯವನು, ಮನೆಯಲ್ಲಿ ತುಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಹಿಂದಿ. "ತೇರೀ ಮಮ್ಮೀ ಕೋ ಇಧರ್ ಶೆಫ್ ಬನಾ ದೇ ಯಾರ್, ಸಬ್ ಡರ್ ಕೇ ಕಾಮ್ ಕರೇಂಗೇ" ಎಂದ. ನಿನ್ನನ್ನು ಇಲ್ಲಿ ಶೆಫ್ ಮಾಡಿದರೆ ಎಲ್ಲರೂ ಹೆದರಿ ಕೆಲಸ ಮಾಡುತ್ತಾರಂತೆ.

ಗಾಳಿಗೆ ಅಂಚು ಕಟ್ಟುವುದು ಹೇಗೆಂದು ಕೇಳು. ಹಿಟ್ಟು ನೀರುದೋಸೆಯದ್ದಕ್ಕಿಂತ ತುಸು ದಪ್ಪ. ಮೈದಾ, ಸಕ್ಕರೆ ಪುಡಿ, ಕರಗಿಸಿದ ಬೆಣ್ಣೆ, ಮತ್ತೆ ನೀನು ಹೆಸರು ಹೇಳದ ಆ ವಸ್ತುವಿನ ಬಿಳಿ ಭಾಗ. ಅದನ್ನು ಅಂಗೈಯಗಲ, ಕೆಳಗಿನ ತಟ್ಟೆ ಕಾಣುವಷ್ಟು ತೆಳ್ಳಗೆ ಸವರಬೇಕು. ಓವನ್ನಿನಲ್ಲಿ ಅಂಚು ಕೆಂಪಾಗಿ ನಡು ಇನ್ನೂ ಬೆಳ್ಳಗಿರುವಾಗ ಹೊರಗೆ ತೆಗೆಯಬೇಕು. ಅಲ್ಲಿಂದ ಏಳು ಸೆಕೆಂಡು. ಅಷ್ಟರೊಳಗೆ ಎತ್ತಿ, ಕವುಚಿಟ್ಟ ಲೋಟದ ಮೇಲೆ ಹಾಕಿ, ಬೆರಳಿನಿಂದ ಒತ್ತಿ ನೆರಿಗೆ ಕೂರಿಸಬೇಕು. ಎಂಟನೆಯ ಸೆಕೆಂಡಿಗೆ ಅದು ಬಟ್ಟಲಲ್ಲ, ಚೂರು. ಕೈಗವಸು ಹಾಕಿದರೆ ಬೆರಳಿಗೆ ಏನೂ ತಿಳಿಯುವುದಿಲ್ಲ, ಬರಿಗೈಯಲ್ಲೇ ಆಗಬೇಕು. ಉಳಿದ ಐವರು "ಆಯೀ ಗ" ಎಂದು ಚೀರಿ ಕೈಬಿಡುತ್ತಾರೆ. ನಾನು ಬಿಡುವುದಿಲ್ಲ. ಅಪ್ಪ ಕಾದ ಕಾವಲಿಯಿಂದ ದೋಸೆಯ ಅಂಚನ್ನು ಬೆರಳಿನಲ್ಲೇ ಎಬ್ಬಿಸುವುದನ್ನು ನೋಡಿ ಬೆಳೆದವನು ನಾನು.

ಮಳೆಗಾಲದಲ್ಲಿ ಮಾತ್ರ ಕಷ್ಟ. ಕೆನೆ ತುಂಬಿ ಕಾಲು ಗಂಟೆಗೆ ಮೆತ್ತಗಾಗುತ್ತದೆ. ಬರುವವರಲ್ಲಿ ಅರ್ಧ ಜನ ಚಮಚದಲ್ಲಿ ಕೆನೆ ಕೆರೆದುಕೊಂಡು ಬಟ್ಟಲನ್ನು ಹಾಗೇ ಬಿಟ್ಟು ಏಳುತ್ತಾರೆ. ಅವರಿಗಿಂತ ನಿನ್ನ ದನ ವಾಸಿ.

ನಿನ್ನ ಮಂಡಳಿಯ ಮಡಿಯ ಬಗ್ಗೆ ಒಂದು ಮಾತು. ಕಿಟ್ಟಣ್ಣ ದೊಡ್ಡಪ್ಪ ಆಫೀಸಿನಲ್ಲಿದ್ದಾಗ ಪ್ರತಿ ಕ್ರಿಸ್‌ಮಸ್ಸಿಗೆ ಕೇಕು ತಿನ್ನುತ್ತಿದ್ದರು, ನನಗೂ ತಂದುಕೊಡುತ್ತಿದ್ದರು. "ಅದು ಎಗ್‌ಲೆಸ್ ಮಾರಾಯ" ಎನ್ನುತ್ತಿದ್ದರು. ಯಾರು ಹೇಳಿದ್ದು ಎಂದರೆ, ಯಾರೂ ಹೇಳಿಲ್ಲ. ಅವರು ಕೇಳಲಿಲ್ಲ, ಅಷ್ಟೇ. ಕೇಳದಿದ್ದರೆ ಮೊಟ್ಟೆ ಇಲ್ಲ. ನಿಮ್ಮ ಮಡಿಯೆಲ್ಲ ಇಷ್ಟೇ.

ಕೌಶಲ್


ಡೊಂಬಿವಲಿ ಪೂರ್ವ
3 ಸೆಪ್ಟೆಂಬರ್ 2010

ಚಿ. ಕೌಶಲನಿಗೆ, ಆಶೀರ್ವಾದ, ಇನ್ನೂ ಮಿಕ್ಕಿದ್ದರೆ.

ಅಷ್ಟಮಿ ಮುಗಿಯಿತು. ಚಕ್ಕುಲಿ ಒತ್ತಲು ನೀನಿರಲಿಲ್ಲ. ಒಬ್ಬಳೇ ಎರಡು ಸೇರು ಒತ್ತಿದೆ. ಬಲ ಭುಜ ಮೇಲೆತ್ತಲಾಗುತ್ತಿಲ್ಲ. ನಿನಗೆ ತಿಳಿಸಲೆಂದು ಬರೆದದ್ದಲ್ಲ, ಅಕ್ಷರ ಏಕೆ ಸೊಟ್ಟ ಎಂದು ನೀನು ನಗಬಾರದಲ್ಲ, ಅದಕ್ಕೆ.

ನಿನ್ನ ಅಪ್ಪನನ್ನು ನಡುವೆ ಎಳೆಯಬೇಡ. ಅವರ ಬೆರಳು ಸುಟ್ಟದ್ದು ಮನುಷ್ಯರ ಹಸಿವಿಗೆ. ನಿನ್ನದು ಸುಡುವುದು ಹೊಟ್ಟೆ ತುಂಬಿದವರ ಚಪಲಕ್ಕೆ.

ಕಾಲು ಗಂಟೆಗೆ ಮೆತ್ತಗಾಗುತ್ತದಂತೆ! ಕೆನೆ ಸುರಿದರೆ ಮೆತ್ತಗಾಗದೆ ಕಬ್ಬಿಣವಾಗುತ್ತದೆಯೇ? ಒಳಗೆ ಒಣ ಪದಾರ್ಥ ಹಾಕಬೇಕು ಎಂದು ಆರು ಜನರ ತಲೆಯಲ್ಲಿ ಒಂದಕ್ಕೂ ಹೊಳೆಯಲಿಲ್ಲ. ಇದಕ್ಕೆ ಮೂರು ವರ್ಷ ಹೋಟೆಲ್ ಮ್ಯಾನೇಜ್‌ಮೆಂಟ್ ಓದಬೇಕು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಭಾವನವರ ಕೇಕಿನ ಕಥೆ ನನಗೆ ಬೇಡ. ಅವರು ಕೇಳದೆ ತಿಂದರೆ ಅದು ಅವರ ಪಾಪ. ನಾನು ಕೇಳದೆ ಒಂದು ಕಾಳೂ ಬಾಯಿಗೆ ಹಾಕಿದವಳಲ್ಲ.

ಈಗ ನನ್ನದೊಂದು ಮಾತು ಕೇಳು. ಏಳು ಸೆಕೆಂಡು, ಬರಿಗೈ, ಅಪ್ಪನ ಬೆರಳು ಎಂದು ಇಷ್ಟುದ್ದ ಬರೆದಿದ್ದೀಯ. ಅಷ್ಟು ಕೈಗುಣ ಇರುವವನಿಗೆ ಆ ವಸ್ತು ಏಕೆ ಬೇಕು? ಅದಿಲ್ಲದೆ ಬಟ್ಟಲು ನಿಲ್ಲಿಸು. ನಿಲ್ಲಿಸಿ ನನಗೆ ಕಳಿಸು. ಆ ದಿನ ನಾಲ್ಕು ಜನರಲ್ಲ, ಇಡೀ ಮಂಡಳಿಯೆದುರು ಎದ್ದು ನಿಂತು ಹೇಳುತ್ತೇನೆ, ನನ್ನ ಮಗ ಮಾಡಿದ್ದು ಎಂದು. ನಿಲ್ಲಿಸಲಾಗದಿದ್ದರೆ, ಇಷ್ಟು ದಿನ ನಿಂತದ್ದು ಆ ವಸ್ತುವಿನ ಗುಣ, ನಿನ್ನ ಕೈಯದ್ದಲ್ಲ ಎಂದು ಒಪ್ಪಿಕೋ.

ಇತಿ,
ಜಯಲತಾ


ಕೋಪರಖೈರಣೆ
17 ಅಕ್ಟೋಬರ್ 2010

ಅಮ್ಮನಿಗೆ, ನಮಸ್ಕಾರ.

ನಿನ್ನ ಪಂದ್ಯಕ್ಕೆ ನನ್ನ ನಾಲ್ಕು ರಜೆ ಹೋದವು. ಹಾಲು ಹಾಕಿ ನೋಡಿದೆ, ಚಪ್ಪಲಿಯ ಅಟ್ಟೆಯಾಯಿತು. ಅಕ್ಕಿಹಿಟ್ಟು ಬೆರೆಸಿದೆ, ಎತ್ತುವಾಗಲೇ ಪುಡಿ. ಕಾರ್ನ್‌ಫ್ಲೋರ್ ಹಾಕಿದ್ದು ನಿಂತಿತು, ತಿಂದರೆ ಸೀಮೆಸುಣ್ಣ. ಡಬ್ಬಿಯ ಗಟ್ಟಿಹಾಲು ಹಾಕಿದ್ದು ತಟ್ಟೆಯನ್ನು ಬಿಟ್ಟು ಏಳಲೇ ಇಲ್ಲ, ತಟ್ಟೆಯನ್ನೇ ಎಸೆಯಬೇಕಾಯಿತು. ನಮ್ಮ ಮುಖ್ಯ ಶೆಫ್ ಬಂದು ನೋಡಿ, ಯಾರು ಹೇಳಿದ್ದು ಹೀಗೆ ಮಾಡಲು ಎಂದರು. ಅಮ್ಮ ಎಂದೆ. ನಕ್ಕು ಹೋದರು.

ಸೋಲುವುದು ನಾನೇ ಆಗುವ ಹಾಗೆ ಪಂದ್ಯ ಕಟ್ಟಿದ್ದೀಯ. ನಿನಗೆ ಮೊದಲೇ ಗೊತ್ತಿತ್ತು. ನಾನು ಬಿಡುವುದಿಲ್ಲ. ದೀಪಾವಳಿ ಕಳೆದ ಮೇಲೆ ಲತೀಶನ ಕೈಯಲ್ಲಿ ಒಂದು ಡಬ್ಬ ಬರುತ್ತದೆ.

ಕೌಶಲ್


(ಡಬ್ಬದೊಂದಿಗೆ)
7 ನವೆಂಬರ್ 2010

ಅಮ್ಮ,

ನಿಂತಿವೆ. ಒಟ್ಟು ನಲವತ್ತಾರು. ಡಬ್ಬ ಅಲುಗಿಸಬೇಡ, ಸುಮ್ಮನೆ ಮುಚ್ಚಳ ತೆಗೆಯಬೇಡ, ತುಂಬುವುದನ್ನು ಕೊನೆಯ ಗಳಿಗೆಯಲ್ಲಿ ತುಂಬು. ಒಣ ಪದಾರ್ಥದ ಮಾತು ನೀನು ಹೇಳಿದ್ದು ಸರಿ.

ಕೌಶಲ್


ಡೊಂಬಿವಲಿ ಪೂರ್ವ
13 ನವೆಂಬರ್ 2010

ಚಿ. ಕೌಶಲನಿಗೆ ಆಶೀರ್ವಾದ.

ನಿನ್ನ ಲತೀಶ ಬಾಗಿಲಲ್ಲಿ ನಿಂತು, "ಆಂಟಿ, ಸಂಭಾಲ್ ಕೇ, ಬಹುತ್ ನಾಜೂಕ್ ಹೈ" ಎಂದ. ಹಸುಗೂಸನ್ನು ಕೊಡುವವನ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ. ಮೊದಲು ಡಬ್ಬವನ್ನು ದೇವರ ಕೋಣೆಗೆ ಸೇರಿಸಲಿಲ್ಲ. ಹೊರಗೆ ಚಪ್ಪಲಿಯ ಕಪಾಟಿನ ಮೇಲೆ ಇಟ್ಟು ಒಂದು ದಿನ ನೋಡಿದೆ. ಮರುದಿನ ಮುಚ್ಚಳ ತೆಗೆದು ಮೂಸಿದೆ. ಬೆಣ್ಣೆಯ ವಾಸನೆ, ಏಲಕ್ಕಿಯ ವಾಸನೆ. ಏಲಕ್ಕಿ ಹಾಕುವಷ್ಟು ಬುದ್ಧಿ ಬಂದಿದೆ. ಒಂದನ್ನು ಉಗುರಿನಿಂದ ತಟ್ಟಿದೆ, ಟಣ್ ಎಂದಿತು.

ರುಚಿ ನೋಡಿಲ್ಲ. ದೇವರಿಗೆ ಇಡುವುದನ್ನು ಮೊದಲು ನಾವು ಬಾಯಿಗೆ ಹಾಕುವುದಿಲ್ಲ ಎಂದು ನಿನಗೆ ನೆನಪಿರಬಹುದು, ಇಲ್ಲದಿರಲೂಬಹುದು. ಹೌದು, ದೇವರಿಗೆ. ಬರುವ ಗುರುವಾರ ಉತ್ಥಾನ ದ್ವಾದಶಿ. ಮಂಡಳಿಯಲ್ಲಿ ತುಳಸಿ ಪೂಜೆ. ಪಂಚಕಜ್ಜಾಯ ಮಾಡುವವಳು ನಾನು: ಹುರಿದ ಹೆಸರುಬೇಳೆಯ ಪುಡಿ, ಒಣಕೊಬ್ಬರಿ, ಸಕ್ಕರೆ, ಎಳ್ಳು, ಏಲಕ್ಕಿ. ಇದಕ್ಕಿಂತ ಒಣ ಪದಾರ್ಥ ನಿಮ್ಮ ವಾಶಿಯಲ್ಲಿ ಎಲ್ಲೂ ಸಿಗಲಾರದು. ಪ್ರತಿ ವರ್ಷ ಕಾಗದದ ತುಂಡಿನಲ್ಲಿ ಕಟ್ಟಿ ಕೊಡುತ್ತಿದ್ದೆ. ಈ ಸಲ ನಿನ್ನ ಬಟ್ಟಲಿನಲ್ಲಿ.

ನಾನು ಹೇಳಿದಂತೆ ನೀನು ಮಾಡಿದ್ದೀಯ. ನಾನು ಹೇಳಿದಂತೆ ನಾನು ಮಾಡುತ್ತೇನೆ. ಇದಕ್ಕಾಗಿ ಅಹಂಕಾರ ಪಡಬೇಡ. ಎರಡು ತಿಂಗಳು ತೆಗೆದುಕೊಂಡಿದ್ದೀಯ.

ಇತಿ,
ಜಯಲತಾ


ಡೊಂಬಿವಲಿ ಪೂರ್ವ
20 ನವೆಂಬರ್ 2010

ಕೌಶಲನಿಗೆ ಆಶೀರ್ವಾದಗಳು.

ನಲವತ್ತಾರರಲ್ಲಿ ಒಂದೂ ಒಡೆಯಲಿಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿದು, ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಜಾಗ ಹಿಡಿದು, ಮಡಿಲಲ್ಲಿ ಡಬ್ಬ ಇಟ್ಟುಕೊಂಡೆ. ದಿವಾ ಸ್ಟೇಷನ್ನಿನಲ್ಲಿ ಒಬ್ಬಳು ಹತ್ತಿ, ತನ್ನ ತರಕಾರಿ ಚೀಲವನ್ನು ಅದರ ಮೇಲೆ ಇಡಲು ಬಂದಳು. "ಬಾಯೀ, ದೇವಾಚಂ ಆಹೇ", ದೇವರದ್ದು ಎಂದು ಗದರಿದೆ. ಠಾಣೆಯವರೆಗೆ ನನ್ನ ಮುಖ ನೋಡಲಿಲ್ಲ.

ಪೂಜೆಯಾಯಿತು. ಬಟ್ಟಲಿಗೆ ಒಂದೊಂದು ಚಮಚ ಪಂಚಕಜ್ಜಾಯ ಹಾಕಿ ತುಳಸಿಯ ಮುಂದೆ ಸಾಲಾಗಿ ಇಟ್ಟಿದ್ದೆ. ಭಾವ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಎಂತದ್ದು ಜಯಲತಾ, ದೊನ್ನೆಯಾ?" ಎಂದರು. "ತಿನ್ನುವ ದೊನ್ನೆ ಭಾವ. ದೊನ್ನೆ ಸಮೇತ ತಿನ್ನಿ" ಎಂದೆ. ತಿಂದರು. ಕಣ್ಣು ಮುಚ್ಚಿಕೊಂಡು ತಿಂದರು. ಇನ್ನೊಂದಕ್ಕೆ ಕೈ ಚಾಚಿದರು. ವನಮಾಲಾ ಮೂರು ತಿಂದಳು. ನಾಲ್ಕನೆಯದನ್ನು ಮೊಮ್ಮಗಳಿಗೆ ಎಂದು ಸೆರಗಿನಲ್ಲಿ ಹಿಡಿದುಕೊಂಡು ಹೋಗಿ ಮೆಟ್ಟಿಲ ಹತ್ತಿರ ನಿಂತು ತಾನೇ ತಿಂದಳು. ನಾನು ನೋಡಿದೆ.

"ಯಾವ ಅಂಗಡಿದು ಮಾರಾಯ್ತಿ ಇದು?" ಎಂದು ಅವಳೇ ಕೇಳಿದಳು. ನಾನು ಎದ್ದು ನಿಂತೆ. ಕೈಗೆ ಅಂಟಿದ್ದ ಪುಡಿಯನ್ನು ಸೆರಗಿಗೆ ಒರೆಸಿಕೊಂಡೆ. "ಅಂಗಡಿದು ಅಲ್ಲ. ನನ್ನ ಮಗ ಕೌಶಲ್ ಮಾಡಿದ್ದು. ಅವ ರಿಸೆಪ್ಷನ್‌ನಲ್ಲಿ ಇಲ್ಲ. ಅಡುಗೆಮನೆಯಲ್ಲಿ ಇರುದು, ಅವನ ಅಪ್ಪನ ಹಾಗೆ. ಬರಿಗೈಯಲ್ಲಿ ಬಿಸಿ ಎತ್ತುತ್ತಾನೆ" ಎಂದೆ. "ಮತ್ತೆ ಟೈ?" ಎಂದಳು ಅವಳು. "ಟೈ ನಾನು ಕಟ್ಟಿದ್ದು" ಎಂದೆ. ಎಲ್ಲರೂ ನಕ್ಕರು. ನಗಲಿ.

ಕೊನೆಗೆ ನಾನೂ ಒಂದು ತಿಂದೆ. ಹೇಗಿತ್ತು ಎಂದು ಬರೆಯುವುದಿಲ್ಲ, ನಿನ್ನ ತಲೆ ನಿಲ್ಲುವುದಿಲ್ಲ.

ಪ್ರಸಾದದಲ್ಲಿ ನಿನ್ನ ಪಾಲು ಒಂದು ಬಟ್ಟಲು ಡಬ್ಬದಲ್ಲಿ ತೆಗೆದಿಟ್ಟಿದ್ದೇನೆ. ಮುಂದಿನ ಭಾನುವಾರ ಬಾ. ಪತ್ರೊಡೆಗೆ ಕೆಸುವಿನ ಎಲೆ ಸಿಕ್ಕಿದರೆ ಮಾಡುತ್ತೇನೆ, ಸಿಗದಿದ್ದರೆ ಇದ್ದದ್ದು ತಿನ್ನು.

ಅಮ್ಮ


ಕೋಪರಖೈರಣೆ
28 ನವೆಂಬರ್ 2010

ಅಮ್ಮ,

ನಾನು ಬರಬೇಕಾಗಿದ್ದ ಭಾನುವಾರ ಇದು. ಬಟ್ಟೆ ಹಾಕಿಕೊಂಡು ಸ್ಟೇಷನ್ನಿನವರೆಗೆ ಹೋಗಿ ಹಿಂದೆ ಬಂದು ಇದನ್ನು ಬರೆಯುತ್ತಿದ್ದೇನೆ.

ಆ ಬಟ್ಟಲುಗಳಲ್ಲಿ ಮೊಟ್ಟೆ ಇತ್ತು.

ಹನ್ನೆರಡು ಮೊಟ್ಟೆಗಳ ಬಿಳಿ. ಅದಿಲ್ಲದೆ ನಿಲ್ಲಿಸಲು ನನಗೆ ಆಗಲಿಲ್ಲ. ಐದನೆಯ ರಜೆಯೂ ಹಾಳಾದ ಮೇಲೆ ಸಿಟ್ಟು ಬಂದು ಎಂದಿನ ಹಾಗೆ ಮಾಡಿದೆ. ಮೊದಲು ಬೇರೆ ಚೀಟಿ ಬರೆದಿದ್ದೆ: ಸೋತೆ, ಇದರಲ್ಲಿ ಮೊಟ್ಟೆ ಇದೆ, ಕಣ್ಣಿನಿಂದ ನೋಡಿ ಕಾಗೆಗೆ ಹಾಕು ಎಂದು. ಅದನ್ನು ಹರಿದು ಹಾಕಿ, ನಿಂತಿವೆ ಎಂದಷ್ಟೇ ಬರೆದೆ. ಹೇಗೆ ನಿಂತಿವೆ ಎಂದು ನೀನು ಕೇಳುತ್ತೀಯೋ ನೋಡೋಣ ಎಂದುಕೊಂಡೆ. ಕೇಳದಿದ್ದರೆ ನೀನೂ ಕಿಟ್ಟಣ್ಣ ದೊಡ್ಡಪ್ಪನ ಸಾಲಿಗೆ ಸೇರಿದವಳು ಎಂದು ಒಳಗೊಳಗೆ ನಗಬೇಕೆಂದಿದ್ದೆ.

ದೇವರ ಮುಂದೆ ಇಡುತ್ತೀ ಎಂದು ಆಗ ಗೊತ್ತಿರಲಿಲ್ಲ. ಆದರೆ ನಿನ್ನ ಹದಿಮೂರನೆಯ ತಾರೀಕಿನ ಕಾಗದ ಮಂಗಳವಾರ ಬಂತು. ಪೂಜೆ ಗುರುವಾರ. ಬುಧವಾರ ಇಡೀ ದಿನ ಫೋನು ಜೇಬಿನಲ್ಲೇ ಇತ್ತು. ನೀನು ಎತ್ತಿ ಇಟ್ಟುಬಿಡುತ್ತೀ, ಮಾಡಿ ಏನು ಪ್ರಯೋಜನ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ನೀನು ಎದ್ದು ನಿಂತು ಹೇಳುವುದು ನನಗೆ ಬೇಕಿತ್ತು. ಅದಕ್ಕೆ ಸುಮ್ಮನಿದ್ದೆ.

ನಿನ್ನ ಇಪ್ಪತ್ತನೆಯ ತಾರೀಕಿನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬರಿಗೈಯಲ್ಲಿ ಬಿಸಿ ಎತ್ತುತ್ತಾನೆ ಎಂದು ನೀನು ಹೇಳಿದ ಕಡೆ ಪ್ರತಿ ಸಲ ಮುಂದೆ ಓದಲಾಗುವುದಿಲ್ಲ. ನನ್ನಷ್ಟು ನೀಚ ಯಾರೂ ಇಲ್ಲ ಅನ್ನಿಸುತ್ತದೆ.

ಯಾರಿಗೂ ಹೇಳಬೇಡ. ಲತೀಶನಿಗೂ ಇದೆಲ್ಲ ತಿಳಿಯದು. ನಿನ್ನ ಪಾತ್ರೆ ನಿನ್ನ ಮಡಿಲಲ್ಲೇ ಇರಲಿ.

ಕೌಶಲ್


ಕೋಪರಖೈರಣೆ
26 ಡಿಸೆಂಬರ್ 2010

ಅಮ್ಮನಿಗೆ,

ನಾಲ್ಕು ವಾರವಾಯಿತು. ಕ್ರಿಸ್‌ಮಸ್ ವಾರದಲ್ಲಿ ಒಂಬೈನೂರು ಬಟ್ಟಲು ಮಾಡಿದೆ. ಫೋನ್ ಮಾಡಿದರೆ ಈಗ ನೀನು ಎತ್ತುವುದೂ ಇಲ್ಲ. ಬೈದಾದರೂ ಒಂದು ಸಾಲು ಬರೆ.

ಕೌಶಲ್


ಡೊಂಬಿವಲಿ ಪೂರ್ವ
16 ಜನವರಿ 2011

ಕೌಶಲ,

ಕಾಗದಕ್ಕೆ ಉತ್ತರ ಬರೆಯದೆ ಏಳು ವಾರ ಕಳೆದದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಅದನ್ನೂ ನಿನ್ನ ಲೆಕ್ಕಕ್ಕೇ ಹಾಕಿಕೋ.

ಮೊಟ್ಟೆ. ನೋಡು, ಬರೆದೆ. ಕೈ ಬಿದ್ದುಹೋಗಲಿಲ್ಲ.

ನಿನ್ನ ಕಾಗದ ಓದಿ ಬಚ್ಚಲಿಗೆ ಹೋಗಿ ಉಗುಳಿದೆ. ತಿಂದು ಎರಡು ವಾರವಾದದ್ದನ್ನು ಉಗುಳಿದೆ, ಅಷ್ಟು ಬುದ್ಧಿಗೇಡಿ ನಾನು. ಆಮೇಲೆ ನಿನ್ನ ಚೀಟಿ ಹುಡುಕಿ ತೆಗೆದೆ. ನಿಂತಿವೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಹಾಗೆ ಎಷ್ಟು ಚೆಂದ ಬರೆದಿದ್ದೀಯ! ಕೇಳದೆ ಒಂದು ಕಾಳೂ ಬಾಯಿಗೆ ಹಾಕಿದವಳಲ್ಲ ಎಂದು ಬರೆದವಳೂ ನಾನೇ. ಕೇಳಲಿಲ್ಲ. ಮಗನನ್ನು ಏನೆಂದು ಕೇಳುವುದು ಎಂದುಕೊಂಡೆ.

ಯಾರಿಗೂ ಹೇಳಬೇಡ ಎಂದೆಯಲ್ಲ, ನೀನು ಬರೆದ ಎಲ್ಲದರಲ್ಲಿ ನನಗೆ ಹೇಸಿಗೆ ಆದದ್ದು ಅದೊಂದಕ್ಕೆ. ಕೇಳದಿದ್ದರೆ ಮೊಟ್ಟೆ ಇಲ್ಲ, ನಿಮ್ಮ ಮಡಿ ಇಷ್ಟೇ ಎಂದು ಆಗಸ್ಟಿನಲ್ಲಿ ಹಂಗಿಸಿದೆ. ನವೆಂಬರಿನಲ್ಲಿ ನನಗೆ ಅದನ್ನೇ ಉಪದೇಶ ಮಾಡುತ್ತೀಯ. ಆದರೂ ಎರಡು ಶನಿವಾರ ನಿನ್ನ ಮಾತನ್ನೇ ಕೇಳಿದೆ. ಪಾತ್ರೆ ಹೊತ್ತುಕೊಂಡು ಹೋದೆ, ಬಾಯಿ ಮುಚ್ಚಿಕೊಂಡು ಬಂದೆ. ಪಾಯಸಕ್ಕೆ ಎರಡು ಸಲವೂ ಬೆಲ್ಲ ಹೆಚ್ಚಾಯಿತು. ಮೂರನೆಯ ಶನಿವಾರ ಮಂಗಳಾರತಿಗೆ ಮೊದಲು ಎದ್ದು ನಿಂತು ಹೇಳಿಬಿಟ್ಟೆ: ತುಳಸಿ ಪೂಜೆಯ ದೊನ್ನೆಯಲ್ಲಿ ಮೊಟ್ಟೆ ಇತ್ತು, ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ತಾಳ ನಿಂತಿತು. ವನಮಾಲಾ ಬಾಯಿಗೆ ಸೆರಗು ಹಿಡಿದು, "ಅಯ್ಯೋ ದೇವರೇ, ನಾನು ಮೂರು ತಿಂದಿದ್ದೇನೆ!" ಎಂದಳು. "ನಾಲ್ಕು" ಎಂದೆ. "ಯಾರು, ಯಾರು ಮಾಡಿದ್ದು ಅದು?" ಎಂದು ಕಿರುಚಿದಳು, ಗೊತ್ತಿಲ್ಲದವಳ ಹಾಗೆ. "ನನ್ನ ಮಗ" ಎಂದೆ. ನೀನು ಒಂದು ಸಲ ಹೇಳು ಎಂದಿದ್ದೆ. ಎರಡು ಸಲ ಆಯಿತು. ಮೊದಲನೆಯದನ್ನು ಗೊತ್ತಿಲ್ಲದೆ ಹೇಳಿದ್ದೆ.

ಭಾವ ಕೈಯಲ್ಲಿದ್ದ ತಾಳವನ್ನು ಕೆಳಗಿಟ್ಟರು. ಕೊನೆಗೆ, "ನೀನು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ಎಂತಕ್ಕೆ ಹೇಳಿದ್ದು ಜಯಲತಾ?" ಎಂದರು. ಅವರ ಸಿಟ್ಟು ತಿಂದದ್ದಕ್ಕಲ್ಲ, ತಿಳಿದದ್ದಕ್ಕೆ. ಭಜನೆ ಮಾಡಿ ಗಂಟಲು ಹರಿದುಕೊಳ್ಳುವ ಇವರೆಲ್ಲರ ನಡುವೆ ಒಂಬತ್ತು ವರ್ಷ ಕುಳಿತಿದ್ದೆನಲ್ಲ ಎಂದು ಅವತ್ತು ನನ್ನ ಮೇಲೇ ತಾತ್ಸಾರ ಬಂತು. ಭಾವ ಜನಿವಾರ ಬದಲಿಸಿಕೊಂಡರು. ಎಲ್ಲರೂ ಪಂಚಗವ್ಯ ತೆಗೆದುಕೊಂಡರು, ನಾನೂ ತೆಗೆದುಕೊಂಡೆ. ಕ್ರಿಸ್‌ಮಸ್ ಕೇಕುಗಳಿಗೂ ಸೇರಿಸಿಯೇ ಆಯಿತಲ್ಲ ಭಾವ ಎಂದು ಕೇಳಬೇಕೆನಿಸಿತು, ನಾಲಿಗೆ ಕಚ್ಚಿಕೊಂಡೆ.

ನೈವೇದ್ಯ ಈಗ ವನಮಾಲಾಳದ್ದು. ನಾಲ್ಕು ಶನಿವಾರವಾಯಿತು. ಶೀರಾದ ಗಂಟುಗಳು ಹಾಗೆಯೇ ಇವೆ, ದೇವರು ಹೇಗೆ ನುಂಗುತ್ತಾನೋ. ನಾನು ಹೋಗುವುದನ್ನು ಬಿಟ್ಟಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ಹಾಡಿ ಬರುತ್ತೇನೆ. ರೈಲಿನಲ್ಲಿ ಮಾತ್ರ ಕಷ್ಟ. ಮಡಿಲಲ್ಲಿ ಪಾತ್ರೆ ಇಲ್ಲ, ಕೈಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯುವುದಿಲ್ಲ. ಮೊದಲನೆಯ ಶನಿವಾರ ಮುಂಬ್ರಾ ದಾಟುವಾಗ ಅಳು ಬಂತು. ಇದು ನೀನು ಮಾಡಿದ್ದು. ನಿನ್ನನ್ನು ಕ್ಷಮಿಸಿಲ್ಲ.

ಮೊಟ್ಟೆಯಿಲ್ಲದೆ ನಿಲ್ಲುವುದಿಲ್ಲ ಎನ್ನುವುದನ್ನೂ ನಂಬಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಏಳು ಸೆಕೆಂಡು ಹೇಗೆಂದು ನನಗೆ ಒಂದು ಸಲ ತೋರಿಸು, ಮುಂದಿನದು ನಾನು ನೋಡಿಕೊಳ್ಳುತ್ತೇನೆ. ಹೆಸರುಬೇಳೆ ಅರೆದು ಸೋಸಿದ ನೀರು ಹಾಕಿ ನೋಡಿದೆಯಾ? ಇಲ್ಲ ತಾನೇ? ಡಿಪ್ಲೊಮಾದವರು!

ನಿನ್ನ ಪಾಲಿನ ಬಟ್ಟಲು ಡಬ್ಬದಲ್ಲೇ ಇದೆ. ಪ್ರಸಾದ, ಎಸೆಯುವ ಹಾಗಿಲ್ಲ. ಮೊಟ್ಟೆ, ನಾನು ತಿನ್ನುವ ಹಾಗಿಲ್ಲ. ದೊನ್ನೆ ತಿನ್ನುವುದು ದನ ಎಂದು ನಾನೇ ಬರೆದಿದ್ದೆನಲ್ಲ, ಸಂಕ್ರಾಂತಿಯ ದಿನ ದೇವಸ್ಥಾನದ ಎದುರು ಹುಲ್ಲು ಮಾರುವವಳ ದನದ ಹತ್ತಿರ ಡಬ್ಬ ತೆಗೆದುಕೊಂಡು ಹೋದೆ. ಮುಚ್ಚಳ ತೆಗೆದೆ. ದನ ಮೂತಿ ಚಾಚಿತು. ನೆರಿಗೆಯ ಒಳಗೆ ನಿನ್ನ ಬೆರಳು ಒತ್ತಿದ ಗುರುತು ಕಂಡಿತು. ದನಕ್ಕೆ ಅದೆಲ್ಲ ಏನು ತಿಳಿಯುತ್ತದೆ? ಮುಚ್ಚಿಕೊಂಡು ಮನೆಗೆ ತಂದೆ.

ಪಂಚಕಜ್ಜಾಯಕ್ಕೆ ಜಿಡ್ಡು ವಾಸನೆ ಬಂದಿದೆ. ಬಟ್ಟಲು ಮಾತ್ರ ಇನ್ನೂ ಟಣ್ ಎನ್ನುತ್ತದೆ, ಹಾಳಾದ್ದು. ಭಾನುವಾರ ಬಾ. ಬಾಗಿಲ ಹೊರಗೆ ನಿಂತು ಅದನ್ನು ತಿಂದು ಮುಗಿಸು. ನಾನು ಹೊಸ್ತಿಲಲ್ಲಿ ನೀರಿನ ತಂಬಿಗೆ ಇಟ್ಟಿರುತ್ತೇನೆ. ಕೈ ತೊಳೆದುಕೊಂಡು ಒಳಗೆ ಬಾ.

ಅಮ್ಮ